ಬೊಗಸೆ ತೌಡಿನ ಮಗಳು

ನಮ್ಮ ಪಕ್ಕದ ಮನೆಯ ಮಾಯವ್ವನಂಥ ಹಟಮಾರಿ ಹೆಂಗಸು ಇಡೀ ವಿದ್ಯಾಗಿರಿಯಲ್ಲಿಲ್ಲ. ಹಾಸ್ಟೆಲ್ ಹುಡುಗರಿಗೆ ರೊಟ್ಟಿ ಬಡಿದು ಬಡಿದು ಆಕೆಯ ಅಂಗೈ ಹಲಗೆಯಂತಾಗಿದೆ. ಜ್ವರ ಬಂದರೂ ಒಲೆ ಹಚ್ಚುವುದು ಬಿಡಳು. ಬಾಯಿಯೋ, ದೇವರೇ ಗತಿ! ನಳದ ಹತ್ತಿರ ಜಗಳ ತೆಗೆದಳೆಂದರೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಇಂಥವಳು ಹೆದರುವುದು ಒಂದೇ ಮಾತಿಗೆ. "ನನ್ನ ಮಗಳು" ಎನ್ನುವ ಮಾತಿಗೆ.

ಅದಕ್ಕೆ ಕಾರಣವಿದೆ. ಮದುವೆಯಾದ ಮೇಲೆ ಆಕೆಗೆ ಮೂರು ಕೂಸು ಹುಟ್ಟಿದವು. ಮೂರೂ ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ನಾಲ್ಕನೆಯದನ್ನು ಜೋಳ ಹಸನು ಮಾಡುವ ಮೊರದಲ್ಲಿ ಮಲಗಿಸಿಕೊಂಡು ನನ್ನ ಹೊಸ್ತಿಲಿಗೆ ತಂದಳು. "ಜೈನಬೀ, ಇದನ್ನ ಕೊಂಡುಬಿಡ" ಎಂದಳು. ಎಮ್ಮೆಗೆ ಇಟ್ಟಿದ್ದ ತೌಡಿನಲ್ಲಿ ಒಂದು ಬೊಗಸೆ ಕೊಟ್ಟು ಕೊಂಡೆ. ಕೊಂಡ ಮೇಲೆ ಕೂಸು ನನ್ನದು. ಸಾಕಲು ಆಕೆಯ ಮಡಿಲಿಗೇ ಹಾಕಿದೆ. ಹೀಗೆ ಮಾರಿದರೆ ಒಯ್ಯಲು ಬಂದ ಸಾವಿಗೆ ಮನೆಯ ಗುರುತು ತಪ್ಪುತ್ತದೆ, ಹೆತ್ತವಳು ಮತ್ತೆ ತನ್ನದೆಂದರೆ ಆ ಗುರುತು ಸಿಕ್ಕಿಬಿಡುತ್ತದೆ ಅಂತ ಅವರ ಹಿರಿಯರ ನಂಬಿಕೆ.

ಕೂಸು ಉಳಿಯಿತು. ಸುಧಾರಾಣಿ ಅಂತ ಹೆಸರಿಟ್ಟರು. ಓದಿದಳು, ಈ ವರ್ಷ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಮಾಯವ್ವ ಮಾತ್ರ ಯಾರು ಕೇಳಿದರೂ "ಜೈನಬಿ ಮಗಳು" ಅಂತಲೇ ಹೇಳಿಕೊಂಡು ಬಂದಳು. ಸಾಲೆಗೆ ಸೇರಿಸುವಾಗ ಮಾಸ್ತರರ ಮುಂದೆಯೂ ಹಾಗೇ ಅಂದು ದೊಡ್ಡ ಫಜೀತಿ ಮಾಡಿದ್ದಳು.

ಈ ಸಲದ ಹುಟ್ಟುಹಬ್ಬಕ್ಕೆ ಸುಧಾ ನನ್ನ ಹತ್ತಿರ ಬಂದು ಅತ್ತಳು.

"ಚಾಚಿ, ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ನಾಕ ಮಂದಿ ಮುಂದ ಅವ್ವ ಒಮ್ಮೆ ನನ್ನ ಮಗಳು ಅನ್ಲಿ. ಇಷ್ಟ ಸಾಕು."

ಸಂಜೆ ಮಾಯವ್ವನನ್ನೂ ಕರೆದುಕೊಂಡು ಮೂವರೂ ಓಣಿಯ ತುದಿಯಲ್ಲಿ ಹೊಸದಾಗಿ ತೆರೆದಿದ್ದ ಇಟಾಲಿಯನ್ ಹೋಟೆಲಿಗೆ ಹೋದೆವು.

ಒಳಗೆ ನಮ್ಮನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಕೈಬೆರಳು ಮರಗಟ್ಟುವಷ್ಟು ಎಸಿ. ಪಾಸ್ತಾ ಬಂತು, ಬೇಯದ ಶಾವಿಗೆಯ ಮೇಲೆ ಮೈದಾ ಗಂಜಿ. ಪಿಜ್ಜಾ ಬಂತು, ಚೀಸು ಆಗಲೇ ತಣ್ಣಗಾಗಿ ರಬ್ಬರಾಗಿತ್ತು. ಇದಕ್ಕೆ ರೊಕ್ಕ ಬೇರೆ!

"ಮನ್ಯಾಗಿಂದ ಶೇಂಗಾ ಚಟ್ನಿ ತರೂದಿತ್ತು ನೋಡ" ಎಂದಳು ಮಾಯವ್ವ.

ಸುಧಾ ನಗಲಿಲ್ಲ. ತಾಯಿಯ ಬಾಯಿಯನ್ನೇ ನೋಡುತ್ತ ಕೂತಿದ್ದಳು.

ಆಗ ವೇಟರ್, ಅಂಗಿಯ ಮೇಲೆ ತೌಸಿಫ ಅಂತ ಹೆಸರಿದ್ದ ಹುಡುಗ, ಮೂರು ಸಣ್ಣ ತಟ್ಟೆ ತಂದು ನಮ್ಮ ಮೇಜಿನ ಖಾಲಿ ಕುರ್ಚಿಗಳ ಮುಂದೆ ಇಟ್ಟ.

"ಯಾರಿಗಪ್ಪಾ ಇವು?" ಎಂದೆ.

"ಹುಡುಗ್ರಿಗ್ರಿ ಚಾಚಿ. ನಿಮ್ಮ ಹಿಂದನ ಬಂದ್ವಲ್ರಿ."

"ಕಣ್ಣ ನೆಟ್ಟಗ ಅದಾವಿಲ್ಲೋ ನಿನಗ? ನಾವು ಬಂದಿರೂದ ಮೂರ ಮಂದಿ!"

ಅವನು ಕುರ್ಚಿಗಳನ್ನು ನೋಡಿ ಪೆಚ್ಚಾದ. "ಇಲ್ಲೇ ಕುಂತಿದ್ವಲ್ರಿ... ಎಲ್ಲಾರಕಿಂತ ಸಣ್ಣದು ಈ ಅಕ್ಕಾರ ವೇಲ್ ಹಿಡ್ಕೊಂಡಿತ್ತ್ರಿ."

ನಾನು ಸುಧಾಳ ವೇಲ್ ನೋಡಿದೆ. ಅದರ ಒಂದು ತುದಿ ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. ಸುಮ್ಮನೆ ಬಿದ್ದಿರಲಿಲ್ಲ; ಯಾರೋ ಜಗ್ಗಿ ಹಿಡಿದ ಹಾಗೆ ಬಿಗಿಯಾಗಿತ್ತು. ಯಾ ಅಲ್ಲಾ! ಮಾಯವ್ವನೂ ಅದನ್ನೇ ನೋಡುತ್ತಿದ್ದಳು. ಸುಧಾ ಒಬ್ಬಳಿಗೇ ಅದರ ಖಬರಿರಲಿಲ್ಲ.

ಕೇಕು ಬಂತು. ಗಾಬರಿಯಲ್ಲಿದ್ದ ತೌಸಿಫ ಮಾತು ತಿರುಗಿಸಲು ಮಾಯವ್ವನನ್ನು ಕೇಳಿದ: "ಹುಟ್ಟಿದ ಹಬ್ಬ ಈ ಅಕ್ಕಾರದೇನ್ರಿ? ನಿಮ್ಮ ಮಗಳೇನ್ರಿ?"

ಸುಧಾ ಚಾಕು ಹಿಡಿದವಳು ಹಾಗೇ ನಿಂತಳು. ಮಾಯವ್ವನ ತುಟಿ ಅಲುಗಿತು. "ನನ್ನ" ಎನ್ನುವವರೆಗೆ ಮಾತು ಬಂದೇಬಿಟ್ಟಿತು. ಅಷ್ಟರಲ್ಲಿ ಆ ವೇಲ್ ಸುಧಾಳ ಹೆಗಲಿನಿಂದ ಗೇಣುದ್ದ ಜಾರಿ ಕುರ್ಚಿಯ ಕಡೆಗೆ ಹೋಯಿತು.

ಮಾಯವ್ವ ಎದ್ದು ಖಾಲಿ ಕುರ್ಚಿಗಳಿಗೆ ಚೀರಿದಳು. "ಅಲ್ಲ! ಇಕಿ ನನ್ನ ಮಗಳಲ್ಲ! ಇಕಿನ್ನ ಮಾರೇನಿ ನಾ, ಜೈನಬಿಗಿ ಮಾರೇನಿ! ನನಗೂ ಇಕಿಗೂ ಏನೂ ಸಂಬಂಧಿಲ್ಲ!"

ಸುಧಾಳ ಮುಖ ಬಿಳಿಚಿಕೊಂಡಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾಯವ್ವನ ಮೇಲೋ, ಆ ಕುರ್ಚಿಗಳ ಮೇಲೋ, ತಿಳಿಯಲಿಲ್ಲ. ಹುಟ್ಟಿದ ಹಬ್ಬದ ದಿನ ಮಗು ಕೇಳಬೇಕಾದ ಮಾತೇ ಇದು?

ಸುಧಾ ತಾಯಿಯ ಕಡೆ ತಿರುಗಿದಳು. ಓಣಿಯನ್ನೇ ಹೆದರಿಸುವ ಹೆಂಗಸಿನ ಗದ್ದ ಗಡಗಡ ನಡುಗುತ್ತಿತ್ತು. ಕಣ್ಣು ವೇಲಿನ ತುದಿಯಲ್ಲೇ ನೆಟ್ಟಿತ್ತು. ಸುಧಾ ಆ ಕಣ್ಣು ಹೋದ ಕಡೆ ನೋಡಿದಳು. ಈಗ ಅವಳಿಗೂ ಕಂಡಿತು.

ಅವಳು ವೇಲ್ ಜಗ್ಗಲಿಲ್ಲ. ಚಾಕು ಕೆಳಗಿಟ್ಟು ಮೆಲ್ಲಗೆ ಕೂತಳು, ಮಾಯವ್ವನನ್ನೂ ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಆ ಕುರ್ಚಿಗಳಿಗೂ ಕೇಳುವಂತೆ ಗಟ್ಟಿಯಾಗಿ ಕರೆದಳು.

"ಅವ್ವಾ, ನಡಿ. ಮನಿಗಿ ಹೋಗೂಣು."

ಹುಟ್ಟಿದಾಗಿನಿಂದ ನನ್ನನ್ನು ಚಾಚಿ ಅಂದ ಹುಡುಗಿ. ಅವಳಿಗಿಂತ ಗಟ್ಟಿಯಾಗಿ ಓಗೊಟ್ಟೆ. "ಬಾ ನನ್ನ ಮಗಳ, ಹೋಗೂಣು."

ವೇಲ್ ಸಡಿಲಾಯಿತು. ಮಾಯವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮೇಜಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಸುಧಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.