ಫಳಾ ಕಾಣಂಗಿಲ್ಲ

ಯಾರ ಮನೆಗೆ ಹೋದರೂ ನನ್ನದೊಂದು ಚಟವಿದೆ. ಚಹಾ ಬರುವ ಮೊದಲೇ ಅಲ್ಲಿನ ಸಣ್ಣ ಮಕ್ಕಳನ್ನು ಹತ್ತಿರ ಕರೆದು, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸುತ್ತೇನೆ. ಆಮೇಲೆ ಇನ್ನೊಂದು ಕಣ್ಣು. "ಬಂದರಪ್ಪಾ ಕಣ್ಣಿನ ಡಾಕ್ಟರ್ರು" ಎಂದು ನಗುವವರು ನಗಲಿ. ನಾನಿದನ್ನು ಕಲಿತದ್ದು ಹೆತ್ತ ಮಗಳ ಎಡಗಣ್ಣು ಹಾಳುಮಾಡಿದ ಮೇಲೆ.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ನನ್ನ ಗಂಡನಿಗೆ ನಾಸಿಕದ ಅಂಬಡ್‌ನಲ್ಲಿ ಕೆಲಸ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ನಮ್ಮದು ಎರಡು ಬಾಡಿಗೆ ಕೋಣೆಯ ಸಂಸಾರ. ಮಗಳಿಗೆ ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ, ನಿದ್ದೆಗಣ್ಣಿನಲ್ಲೂ ಮರಾಠಿ. ಒಮ್ಮೆ ಬಾಗಲಕೋಟೆಗೆ ಹೋದಾಗ ನಮ್ಮತ್ತೆ, "ಏನವಾ, ಮೊಮ್ಮಗಳ ಕೂಡ ಮಾತಾಡಾಕ ನೀ ನಡುವ ನಿಂದರಬೇಕಲ್ಲ" ಎಂದು ನೆಂಟರೆದುರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತಿರುಗಿ ಬಂದವಳೇ ಕಾಯಿದೆ ಮಾಡಿದೆ. ಹೊಸ್ತಿಲೊಳಗೆ ಬರೀ ಕನ್ನಡ. ಮರಾಠಿಯಲ್ಲಿ ಕೇಳಿದರೆ ನೀರೂ ಇಲ್ಲ!

ಅವಳು ಒಂದನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಶಾಲೆಯಿಂದ ಬಂದವಳು ಪಾಟಿಚೀಲವನ್ನೂ ಇಳಿಸದೆ, "ಆಯೀ, ಮಲಾ ಫಳಾ..." ಎಂದು ಶುರು ಮಾಡಿದಳು.

"ಕನ್ನಡದಾಗ ಹೇಳು" ಎಂದೆ.

ಪಾಪ, ಮಾತು ಹುಡುಕಿ ಹುಡುಕಿ ಹೇಳಿದಳು: "ಅವ್ವಾ, ನಂಗ ಫಳಾ ಕಾಣಂಗಿಲ್ಲ."

ನನಗೆ ಹಿಗ್ಗೋ ಹಿಗ್ಗು. ಫಳ ಅಂದರೆ ಹಣ್ಣು. ನಮ್ಮ ಓಣಿಯ ಗಾಡಿಯವರೂ ಹಾಗೇ ಕೂಗುತ್ತಿದ್ದರು. ಉಳಿದ ಮಕ್ಕಳ ಡಬ್ಬಿಯಲ್ಲಿ ಹಣ್ಣಿರುತ್ತದೆ, ನನ್ನ ಡಬ್ಬಿಯಲ್ಲಿ ರೊಟ್ಟಿ ಪಲ್ಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದನ್ನೇ ಹೇಳುತ್ತಿದ್ದಾಳೆ ಎಂದುಕೊಂಡೆ. "ಫಳ ಅಲ್ಲವಾ, ಹಣ್ಣು ಅನಬೇಕು" ಎಂದು ತಿದ್ದಿದೆ ಬೇರೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟು ಪಾಟಿಚೀಲ ಇಳಿಸಿದಳು.

ಪಿಂಪಳಗಾಂವ್ ಬಸವಂತ್‌ನಿಂದ ಕೆಲಸಕ್ಕೆ ಬರುತ್ತಿದ್ದ ಗಂಡನ ಗೆಳೆಯರೊಬ್ಬರು ದ್ರಾಕ್ಷಿ ತಂದುಕೊಡುತ್ತಿದ್ದರು. ದಿನಾ ಡಬ್ಬಿಗೆ ಒಂದು ಹಿಡಿ ಹಾಕಿದೆ. ಹುಳಿ ಅಂದರೆ ಮುಖ ಕಿವುಚುವ ಹುಡುಗಿ, ಆದರೂ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಮತ್ತೊಂದೆರಡು ಸಲ ಅದೇ ಮಾತು ಹೇಳಿದಳು. ನಾನು ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

ಕಣ್ಣಿನ ಕಾಳಜಿ ನನಗೆ ಇರಲಿಲ್ಲ ಅಂತಲ್ಲ. ಮೈ ತೊಳೆದ ಕೂಡಲೇ ಕಾಡಿಗೆ ಹಚ್ಚುತ್ತಿದ್ದೆ. ಟಿವಿಗೆ ಮೂಗು ತಾಗಿಸಿ ಕೂತರೆ, "ಕಣ್ಣು ಕೆಡ್ತಾವ, ಹಿಂದ ಸರಿ" ಎಂದು ಕಿವಿ ಹಿಂಡುತ್ತಿದ್ದೆ. ಕಾಣದ್ದಕ್ಕೇ ಹತ್ತಿರ ಕೂತಿದ್ದಾಳೆ ಎಂದು ಈ ಮಂದಬುದ್ಧಿಗೆ ಹೊಳೆಯಲಿಲ್ಲ. ಶಾಲೆಯ ನೋಟ್‌ಬುಕ್ಕಿನಲ್ಲಿ ಅರ್ಧ ಬರೆದು ಬಿಟ್ಟ ಸಾಲುಗಳನ್ನು ನೋಡಿ 'ಮೈಗಳ್ಳಿ' ಎಂದು ಹೆಸರಿಟ್ಟಿದ್ದೆ.

ಮೂರು ವರ್ಷದ ಮೇಲೆ ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಆ ಊರು. ಒಂದು ಭಾನುವಾರ, ನಮ್ಮ ಕಡೆ ಎಲ್ಲೋರಾ ಅನ್ನುವ ವೇರೂಳಿನ ಗುಹೆ ನೋಡಲು ಹೋದೆವು. ಗಾಳಿಗೆ ಮಗಳ ಬಲಗಣ್ಣಿಗೆ ಧೂಳು ಬಿತ್ತು. "ತಿಕ್ಕಬ್ಯಾಡ, ಮುಚ್ಚಿಕೊಂಡು ನಡಿ" ಎಂದೆ. ಅಂಗೈಯಿಂದ ಮುಚ್ಚಿಕೊಂಡು ನಾಲ್ಕು ಹೆಜ್ಜೆ ನಡೆದವಳು ಎದುರಿಗಿದ್ದ ಅಷ್ಟು ದೊಡ್ಡ ಕಲ್ಲಿನ ಕಂಬಕ್ಕೆ ಹೋಗಿ ಬಡಿದಳು.

"ಕಣ್ಣು ಕಾಣಂಗಿಲ್ಲೇನ ನಿನಗ?" ಎಂದು ಎಲ್ಲರೆದುರು ಗದರಿದೆ.

"ಈ ಕಣ್ಣಿಗೆ ಕಾಣಂಗಿಲ್ಲವಾ" ಎಂದಳು, ಎಡಗಣ್ಣು ತೋರಿಸಿ. "ಯಾವಾಗ್ಲೂ ಕಾಣಂಗಿಲ್ಲ."

ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ದೂರೂ ಇರಲಿಲ್ಲ. ಎಲ್ಲರದೂ ಹೀಗೇ ಇರುತ್ತದೆ ಎಂದುಕೊಂಡಿದ್ದಳು. ಗಂಡ ಅವಳನ್ನು ಎತ್ತಿಕೊಂಡರು.

ಎರಡೂ ಕಣ್ಣಿಗೆ ನಂಬರಿದೆ, ಎಡಗಣ್ಣಿಗೆ ಬಹಳ ಹೆಚ್ಚು ಎಂದರು ಡಾಕ್ಟರು. ಸರಿಯಾಗಿ ಕಾಣದ ಕಣ್ಣನ್ನು ಮೆದುಳು ಕೈಬಿಟ್ಟಿದೆಯಂತೆ. ಅದಕ್ಕೆ ಮರಾಠಿಯಲ್ಲಿ ಅವರು ಹೇಳಿದ ಹೆಸರು 'ಆಳಶಿ ಡೋಳಾ', ಮೈಗಳ್ಳ ಕಣ್ಣು. ಮಗಳು ತಟ್ಟನೆ ನನ್ನ ಮುಖ ನೋಡಿದಳು. ಕನ್ನಡಕ ಹಾಕಬೇಕು, ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ಕೆಲಸ ಕೊಡಬೇಕು ಎಂದರು. "ಶಾಲೆಗೆ ಹಾಕುವಾಗಲೇ ತೋರಿಸಿದ್ದರೆ ಚೆನ್ನಾಗಿತ್ತು. ಈಗ ಎಷ್ಟು ಬರುತ್ತದೋ ಅಷ್ಟು."

ಮಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಎಂದು ಕೇಳಲು ಶಾಲೆಗೆ ಹೋದೆ. ಬಾಯಿಯವರು, ಅಂದರೆ ಅವಳ ಶಿಕ್ಷಕಿ, ಎದ್ದು ಹೋಗಿ ಗೋಡೆಯ ಕರಿಹಲಗೆಯನ್ನು ತಟ್ಟಿ ಕೇಳಿದರು: "ತಿಲಾ ಹಾ ಫಳಾ ದಿಸತೋ ಕಾ?" ಅವಳಿಗೆ ಈ ಫಳಾ ಕಾಣುತ್ತದೆಯೇ?

ಅಯ್ಯೋ ನನ್ನ ಶಿವನೇ! ಫಳಾ ಅಂದರೆ ಕರಿಹಲಗೆ. ಹಲಗೆ ಎಂಬ ಕನ್ನಡದ ಮಾತು ಗೊತ್ತಿಲ್ಲದ ಕೂಸು, ನನ್ನ ಕಾಯಿದೆಗೆ ಹೆದರಿ, ಗೊತ್ತಿದ್ದಷ್ಟು ಕನ್ನಡ ಸೇರಿಸಿ ನನಗೆ ಹೇಳಿತ್ತು. ಇನ್ನೂ ಕಾಲವಿತ್ತು ಆಗ.

ಪಟ್ಟಿ ಎರಡು ವರ್ಷ ಹಾಕಿದೆವು. ಎಡಗಣ್ಣಿಗೆ ದಪ್ಪ ಅಕ್ಷರಗಳಷ್ಟೇ ದಕ್ಕಿದವು. ಫಳಾದ ವಿಷಯವನ್ನು ನಾನು ಗಂಡನಿಗೂ ಹೇಳಲಿಲ್ಲ, ನಾಚಿಕೆಯಿಂದ. ಮಗಳು ಕಾಲೇಜಿಗೆ ಸೇರಿದ ವರ್ಷ, ಅಡುಗೆಮನೆಯಲ್ಲಿ ದ್ರಾಕ್ಷಿ ತೊಳೆಯುತ್ತ ಇದ್ದಾಗ ತಡೆಯಲಾಗದೆ ಅವಳೆದುರು ಎಲ್ಲ ಹೇಳಿ, ತಪ್ಪಾಯಿತವಾ ಎಂದು ಅತ್ತುಬಿಟ್ಟೆ. "ಯಾಕ ಹೇಳೋದು ಬಿಟ್ಟಿ? ಜಗಳಾಡಿ ಹೇಳಬೇಕಿತ್ತಿಲ್ಲೋ?"

ಅವಳು ನಕ್ಕಳು. "ನಾ ಕಾಣಂಗಿಲ್ಲ ಅಂದೆ, ನೀ ದ್ರಾಕ್ಷಿ ಕೊಟ್ಟಿ. ಅದು ಕಣ್ಣಿನ ಔಷಧ ಅಂತ ತಿಳದಿದ್ದೆ ಅವ್ವಾ. ಅದಕ್ಕ ಹುಳಿ ಇದ್ರೂ ಒಂದೂ ಬಿಡತಿದ್ದಿಲ್ಲ. ಮತ್ತ ಕಾಣಲಿಲ್ಲ ಅಂದ್ರ, ನಾನಽ ಕಡಿಮಿ ತಿಂದೀನಿ ಅನಸ್ತಿತ್ತು."