ಕರಾಚಿಯಿಂದ ಬೊಂಬಾಯಿಗೆ ಎಷ್ಟು ಹೊತ್ತು

ವಿಮಾನದಲ್ಲಿ ಕೂತು ಬಂದವನೆಂಬ ಹೆಸರು ಚೆನ್ನಪ್ಪನಿಗೆ ಬಂದದ್ದು ನಲವತ್ತೇಳರಲ್ಲಿ. ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ಮಂಗಳೂರು ಬಂದರಿನ ಮಹಾಬಲ ಶೆಟ್ಟರ ಹೋಟ್ಲಲ್ಲಿ ಗೋಳಿಬಜೆ ಕರಿಯುವವನಿಗೆ ಬೆಳಗಾದರೆ ಅದೇ ಪ್ರಶ್ನೆ: ಕರಾಚಿಯಿಂದ ಬೊಂಬಾಯಿಗೆ ಎಷ್ಟು ಹೊತ್ತು ಮಾರಾಯ? "ನಾಲ್ಕೇ ಗಂಟೆ," ಅನ್ನಬೇಕು ಅವನು. "ಹಡಗಿನಲ್ಲಾದ್ರೆ ದಿನಗಟ್ಟಲೆ!" ಅಂತ ಶೆಟ್ಟರು ಕೂತಲ್ಲಿಂದಲೇ ಒಗ್ಗರಣೆ ಹಾಕಬೇಕು. ಗಿರಾಕಿಗಳು ಬಾಯಿ ಬಿಟ್ಟು ಕೇಳುತ್ತ ಇನ್ನೊಂದು ಚಾ ಹೇಳಬೇಕು. ನಿಜ ಹೇಳಬೇಕೆಂದರೆ, ಪಾಪ, ಅಷ್ಟು ಎತ್ತರದಲ್ಲಿ ಅವನು ಕಂಡದ್ದು ತನ್ನ ಮೊಣಕಾಲು ಮಾತ್ರ. ದಾರಿಯುದ್ದಕ್ಕೂ ತಲೆ ತಗ್ಗಿಸಿ ವಾಂತಿ ಮಾಡಿದ್ದ.

ಕರಾಚಿಯ ಹೋಟೆಲಿನಲ್ಲಿ ಅವನ ಜೊತೆ ಕೆಲಸಕ್ಕಿದ್ದವನು ವಿಲ್ಲಿ. ಶೆಟ್ಟರ ಹೋಟ್ಲಿಗೆ ಬಾಳೆಎಲೆ ತರುವ ಕಾರ್ಮಿನ್ ಬಾಯಿಯ ಒಬ್ಬನೇ ಮಗ. ದೇಶ ಇಬ್ಭಾಗವಾಗಿ ಗಲಾಟೆ ಜೋರಾದಾಗ ಧಣಿ ಇಬ್ಬರಿಗೂ ವಿಮಾನದ ಟಿಕೇಟು ಕೊಡಿಸಿದ್ದ. ವಿಲ್ಲಿ ಹತ್ತಲಿಲ್ಲ. ಅಲ್ಲೇ ಮದುವೆಯಾಗಿ ಸಂಸಾರ ಹೂಡಿದ್ದ. "ನಾನು ಇನ್ನು ಆ ಕಡೆ ಬರುವವನಲ್ಲ. ಅಮ್ಮನಿಗೆ ಮಾತ್ರ ಬರ್ತೇನೆ ಅಂತ ಹೇಳು," ಅಂದುಬಿಟ್ಟ. ಎಂಥಾ ಹೊರೆ ನೋಡಿ! ಅವನೇನೋ ಹೇಳಿ ಕೈ ತೊಳೆದುಕೊಂಡ.

ಚೆನ್ನಪ್ಪ ಬಂದು ಮಗ ಬರ್ತಾನೆ ಅಂತಲೇ ಹೇಳಿದ. ಬಾಯಿ ಬೊಂಬಾಯಿ ಸ್ಟೀಮರ್ ಬರುವ ದಿನವೆಲ್ಲ ಹಡಗು ನಿಲ್ಲುವ ಧಕ್ಕೆಗೆ ಹೋಗಿ ನಿಂತಳು. "ದೂರದ ದಾರಿ ಅಲ್ವಾ ಬಾಯಿ," ಅಂತ ಅವನು ಸಮಾಧಾನ ಹೇಳಿದ. ಅವನು ವಿಮಾನದಲ್ಲಿ ಬಂದದ್ದು ಅವಳಿಗೆ ಗೊತ್ತು, ಎಷ್ಟು ಹೊತ್ತಿನಲ್ಲಿ ಅನ್ನುವುದು ಗೊತ್ತಿಲ್ಲ. ಅವಳು ಬರುವುದು ಹಿಂದಿನ ಬಾಗಿಲಿನಿಂದ, ಕತೆ ನಡೆಯುವುದು ಮುಂದೆ.

ಒಂದು ದಿನ ಎಲೆಯ ಕಟ್ಟು ಇಳಿಸಿ ಅವಳು ಮುಂದೆ ಬಂದಳು. ಶೆಟ್ಟರು ಆಗಷ್ಟೇ "ನಾಲ್ಕೇ ಗಂಟೆ!" ಅಂದಿದ್ದರು.

"ಹೌದಾ ಚೆನ್ನಪ್ಪ? ಅಷ್ಟೇಯಾ? ಹಾಗಾದ್ರೆ ನನ್ನ ವಿಲ್ಲಿಗೆ ಬರ್ಲಿಕ್ಕೆ ಎಂತ ಅಡ್ಡಿ?"

ದಾರಿ ದೂರವಾಗಿದ್ದರೆ ಕಡಲಿನ ಮೇಲೆ ತಪ್ಪು ಹೊರಿಸಬಹುದಿತ್ತು. ನಾಲ್ಕು ಗಂಟೆಗೆ ಯಾವ ನೆಪ ಹೇಳುವುದು? ಚೆನ್ನಪ್ಪ ಬಾಣಲೆ ಬಿಟ್ಟು ಎದ್ದ.

"ಸುಳ್ಳು ಬಾಯಿ," ಅಂದ ಎಲ್ಲರಿಗೂ ಕೇಳುವಂತೆ. "ನಾನು ಬಡಾಯಿ ಕೊಚ್ಚಿದ್ದು. ಅಲ್ಲಿ ಇಳಿಸಿ ಇಲ್ಲಿ ಇಳಿಸಿ ಎಂಟು ದಿನ ಆಗಿದೆ. ಸಾಕೋ ಸಾಕು!"

ಹೋಟ್ಲಲ್ಲಿದ್ದವರು ಗೊಳ್ಳೆಂದು ನಕ್ಕರು. "ನನ್ನ ಮಾನ ತೆಗೆದೆಯಲ್ಲ ಮಾರಾಯ!" ಎಂದು ಶೆಟ್ಟರು ಉರಿದುಬಿದ್ದರು. ಅಂದಿನಿಂದ ಅವನು ಎಂಟು ದಿನದ ಚೆನ್ನಪ್ಪನಾದ. ಬೀದಿಯ ಮಕ್ಕಳೂ ಹಾಗೆಯೇ ಕರೆದರು. ಬೇಜಾರಾಗಲಿಲ್ಲವೆಂದಲ್ಲ, ತುಂಬಾ ಆಯಿತು. ಆದರೂ ಯಾರು ಕೇಳಿದರೂ ಎಂಟು ದಿನ ಅನ್ನುವುದನ್ನು ಬಿಡಲಿಲ್ಲ.

ಮಳೆಗಾಲ ಹಿಡಿದು ಸ್ಟೀಮರ್ ಓಡಾಟ ನಿಂತ ಮೇಲೆ, ಒಂದು ಮಧ್ಯಾಹ್ನ ಕಾರ್ಮಿನ್ ಬಾಯಿ ಒದ್ದೆ ಎಲೆ ಒರೆಸುತ್ತ ಅವನ ಬಾಣಲೆಯ ಹತ್ತಿರ ಕೂತಳು.

"ಚೆನ್ನಪ್ಪ, ಆವತ್ತೇ ಪಾದ್ರಿಗಳ ಹತ್ರ ಕೇಳಿದೆ ನಾನು. ನಾಲ್ಕು ಗಂಟೆಯೇ ಅಂತೆ."

ಅವನ ಸೌಟು ನಿಂತಿತು.

"ಬರುವುದಿಲ್ಲ ಅಲ್ವಾ ಅವನು?"

"ಇಲ್ಲ ಬಾಯಿ," ಅಂದ. ಹೇಳುವಾಗ ಅವನಿಗೇ ಅಳು ಬಂತು. "ಅಲ್ಲೇ ಮದುವೆಯಾಗಿದ್ದಾನೆ. ಚೆನ್ನಾಗಿದ್ದಾನೆ."

ಅವಳು ಉಳಿದ ಎಲೆಗಳನ್ನೂ ಒರೆಸಿ ಮುಗಿಸಿದಳು.

"ಆಯ್ತು. ಆದ್ರೆ ಮಗ ಯಾಕೆ ಬರ್ಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ, ಎಂಟು ದಿನದ ದಾರಿ ಅಂತಲೇ ಹೇಳ್ತೇನೆ ನಾನು. ನೀನು ನಡುವೆ ಮಾತು ಬದಲಿಸ್ಬೇಡ."