ಕಣ್ಣಾಗಿನ ನೊಣ

ನನ್ನ ಕಣ್ಣ ಮುಂದ ಸದಾ ಒಂದು ಕರೀ ನೊಣ ತೇಲತಿರತದ. “ಅದು ಕಣ್ಣಿನ ನೀರಾಗ ತೇಲೋ ಕಸ, ನಿಮ್ಮನ್ನ ಬಿಟ್ಟು ಯಾರಿಗೂ ಕಾಣಂಗಿಲ್ಲ” ಅಂತ ಸದಾಶಿವ ಪೇಠದ ಡಾಕ್ಟರು ಹೇಳಿದ್ರು.

ಒಂದು ಮಧ್ಯಾಹ್ನ ಅಂಗಡಿ ಆರ್ಡರ್ ತರಲಿಕ್ಕೆ ಸಾಸವಡದ ಜೀಪು ಹತ್ತಿದ್ದೆ. ಎದುರು ಸೀಟಿನಾಗ ಗಾರೆ ಕೆಲಸಕ್ಕ ಹೊಂಟಿದ್ದ ಕಲಬುರ್ಗಿ ಕಡೆ ಹೆಣ್ಣಮಗಳು. ರೂಢಿಯಂಗ ನಾನು ಕೈ ಬೀಸಿ ನೊಣ ಹೊಡದೆ.

“ಬಿಡು ಯಣ್ಣಾ, ಅದು ಹೋಗಂಗಿಲ್ಲ” ಅಂದಳು.

ನನಗ ನಗು ಬಂತು. “ನಿನಗ ಕಾಣತದೇನವಾ?”

“ನಿನ್ನ ಎಡಕ್ಕ ಹೋತು ನೋಡು. ಈಗ ಕೆಳಗಿಳೀತು. ನಿಂತಿತು.”

ಖರೇನೇ ಎಡಕ್ಕ ಹೋಗಿ, ಕೆಳಗಿಳಿದು ನಿಂತಿತ್ತು.

ನನ್ನ ಕಣ್ಣಗುಡ್ಡಿ ಹೊರಳೂದು ನೋಡಿ ಹೇಳಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಸಾಸವಡದಾಗ ಇಳಿದು, ಬೆವರು ಒರಸಲಿಕ್ಕೆ ಕರೀ ಚಷ್ಮಾ ತೆಗೆಯೋತನಕ ಆ ಸಮಾಧಾನ ಇತ್ತು.